ಔಷಧ ಪ್ರಯೋಗದಿಂದ ವಿಕಾರರೂಪ ತಾಳುವ ಪಾತ್ರವನ್ನು ಬರೆಯುವುದು ಹೇಗೆ

ಪ್ರಯೋಗದ ಹಂತದಲ್ಲಿರುವ ಔಷಧವನ್ನು ತೆಗೆದುಕೊಂಡ ಮನುಷ್ಯನೊಬ್ಬ ಭಯಂಕರ ಜೀವಿಯಾಗಿ ಮಾರ್ಪಡುವ ಕಥೆಯನ್ನು ಬರೆಯಲು ಹೊರಟವರು ಬಹುಮಟ್ಟಿಗೆ ಒಂದೇ ಕಡೆ ಎಡವುತ್ತಾರೆ. ಸೂಜಿ ಚುಚ್ಚಲಾಗುತ್ತದೆ, ಪಾತ್ರ ಕಿರುಚುತ್ತದೆ, ಅರ್ಧ ಪುಟದೊಳಗೆ ಚರ್ಮ ಹರಿದು, ಉಗುರು ಚಾಚಿ, ದೈತ್ಯನೊಬ್ಬ ಎದ್ದು ನಿಲ್ಲುತ್ತಾನೆ. ಅಲ್ಲಿ ಓದುಗರು ಒಮ್ಮೆ ಬೆಚ್ಚಬಹುದು, ಆದರೆ ಅವರೊಳಗೆ ಭಯ ಹುಟ್ಟುವುದಿಲ್ಲ. ಏಕೆಂದರೆ ಕಳೆದುಹೋದ ಮನುಷ್ಯನನ್ನು ಅವರು ಇನ್ನೂ ಸರಿಯಾಗಿ ನೋಡಿಯೇ ಇರುವುದಿಲ್ಲ, ಬಂದು ನಿಂತ ದೈತ್ಯನಿಗೂ ಆ ಔಷಧಕ್ಕೂ ಏನು ಸಂಬಂಧವೆಂಬುದೂ ಅವರಿಗೆ ತಿಳಿದಿರುವುದಿಲ್ಲ.

ಇಂಥ ಕಥೆಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವ ನಿಯಮ ಒಂದೇ. ಔಷಧ ದಾರಿ ತಪ್ಪಬಾರದು; ತನಗೆ ಒಪ್ಪಿಸಿದ ಕೆಲಸವನ್ನೇ ಅದು ನಿಲ್ಲಿಸದೆ ಮಾಡುತ್ತ ಹೋಗಬೇಕು. ಕಾಯಿಲೆ ವಾಸಿಯಾಗುವುದು ಮತ್ತು ದೇಹ ವಿಕಾರಗೊಳ್ಳುವುದು ಒಂದೇ ಕ್ರಿಯೆಯ ಮೊದಲರ್ಧ ಮತ್ತು ಉತ್ತರಾರ್ಧವಾಗಿರಬೇಕು. ಭಸ್ಮಾಸುರನ ಕಥೆ ಇಷ್ಟು ಕಾಲ ಉಳಿದುಬಂದಿರುವುದಕ್ಕೆ ಕಾರಣವೂ ಇದೇ ಎಂದು ನನಗನ್ನಿಸುತ್ತದೆ: ಅವನನ್ನು ಯಾರೂ ಶಪಿಸಲಿಲ್ಲ, ತಪಸ್ಸು ಮಾಡಿ ಬೇಡಿ ಪಡೆದ ವರವೇ ಕೊನೆಗೆ ಅವನ ತಲೆಯ ಮೇಲೆ ಕೈಯಿಟ್ಟಿತು. ನಿಮ್ಮ ಪಾತ್ರವೂ ಔಷಧವನ್ನು ಬೇಡಿ ಪಡೆದಿರಬೇಕು, ಕೆಲವು ವಾರಗಳ ಕಾಲವಾದರೂ ಅದರಿಂದ ನಿಜವಾದ ಸುಖವನ್ನು ಕಂಡಿರಬೇಕು.

ಕಾಯಿಲೆಯಿಂದ ಆರಂಭಿಸಿ

ದೈತ್ಯನ ರೂಪವನ್ನು ಮೊದಲು ಕಲ್ಪಿಸಿಕೊಂಡು ಆಮೇಲೆ ಅದಕ್ಕೊಪ್ಪುವ ಔಷಧವನ್ನು ಹುಡುಕಲು ಹೋಗಬೇಡಿ. ಮೊದಲು ಕಾಯಿಲೆಯನ್ನು ಗೊತ್ತುಮಾಡಿಕೊಳ್ಳಿ, ಆ ಕಾಯಿಲೆ ಪಾತ್ರದ ಬದುಕಿನಿಂದ ಯಾವ ಒಂದು ನಿರ್ದಿಷ್ಟ ಕೆಲಸವನ್ನು ಕಸಿದುಕೊಂಡಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ, ಅದಾದ ಮೇಲೆ ಔಷಧದತ್ತ ಬನ್ನಿ. "ಆರೋಗ್ಯ ಬೇಕು" ಎಂಬ ಆಸೆಯಿಂದ ಕಥೆ ಹುಟ್ಟುವುದಿಲ್ಲ. ಕಪ್ಪುಹಲಗೆಯ ಮೇಲಿನ ಸಾಲಿಗೆ ಕೈ ಎಟುಕಬೇಕು ಎಂಬಷ್ಟು ಚಿಕ್ಕದಾದ, ಕಣ್ಣಿಗೆ ಕಾಣುವ ಆಸೆಯಿಂದ ಹುಟ್ಟುತ್ತದೆ.

ಉದಾಹರಣೆಗಾಗಿ ಒಂದು ಪಾತ್ರವನ್ನು ಜೊತೆಯಲ್ಲಿಟ್ಟುಕೊಂಡು ಮುಂದುವರಿಯೋಣ. ಅವಳ ಹೆಸರು ವಸುಧಾ ಎಂದಿರಲಿ. ಆಕೆ ಶಾಲಾ ಶಿಕ್ಷಕಿ. ಭುಜ ಮತ್ತು ಸೊಂಟದ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತ ಹೋಗುವ ಆನುವಂಶಿಕ ಕಾಯಿಲೆ ಆಕೆಗಿದೆ. ಮೊದಲು ಹಲಗೆಯ ಮೇಲ್ಭಾಗ ಕೈಗೆ ಎಟುಕದಾಯಿತು, ಆಮೇಲೆ ನಡುಭಾಗ, ಈಗ ಹಲಗೆಯ ಕೆಳಗಿನ ಒಂದು ಗೇಣಿನಲ್ಲಿ ಮಾತ್ರ ಬರೆಯುತ್ತಾಳೆ, ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತು ನೋಡುತ್ತಾರೆ. ಅವಳಿಗೆ ಬೇಕಿರುವುದು ಆ ಮೇಲಿನ ಸಾಲು.

ಈಗ ಔಷಧ. ದೇಹದಲ್ಲಿ ಬೆಳೆಯುವ ವ್ಯವಸ್ಥೆಗಳಿಗೆಲ್ಲ ಬಹುಪಾಲು ಒಂದೊಂದು ತಡೆಯಿರುತ್ತದೆ, ಭಯದ ಕಥೆಗೆ ಆ ತಡೆಗಳಷ್ಟು ಒಳ್ಳೆಯ ಸಾಮಗ್ರಿ ಬೇರೊಂದಿಲ್ಲ. ಸ್ನಾಯುಗಳ ವಿಷಯದಲ್ಲಿ ಆ ತಡೆಯ ಹೆಸರು ಮಯೋಸ್ಟ್ಯಾಟಿನ್. ಈ ಪ್ರೋಟೀನನ್ನು ತಯಾರಿಸುವ ಜೀನ್ ಇಲ್ಲದಂತೆ ಮಾಡಿದ ಇಲಿಗಳ ಸ್ನಾಯುಗಳು ಸಾಮಾನ್ಯ ಇಲಿಗಳದ್ದಕ್ಕಿಂತ ಎರಡರಿಂದ ಮೂರು ಪಟ್ಟು ದೊಡ್ಡದಾಗಿ ಬೆಳೆದವೆಂದು ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದರು. ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಲ್ಲಿ ಇದೇ ಜೀನ್ ಸಹಜವಾಗಿಯೇ ಕೆಟ್ಟಿರುವುದರಿಂದ ಅವುಗಳ ತೊಡೆ ಮತ್ತು ಹೆಗಲು ಉಬ್ಬಿಕೊಂಡಿರುತ್ತವೆ. ಕರುಗಳು ಎಷ್ಟು ದಪ್ಪಗೆ ಬೆಳೆಯುತ್ತವೆಂದರೆ ಅನೇಕ ಬಾರಿ ಶಸ್ತ್ರಚಿಕಿತ್ಸೆ ಮಾಡಿಯೇ ಹೆರಿಗೆ ಮಾಡಿಸಬೇಕಾಗುತ್ತದೆ. ಮಯೋಸ್ಟ್ಯಾಟಿನ್‌ನನ್ನು ತಡೆಯುವ ಔಷಧಗಳನ್ನು ಸ್ನಾಯುಕ್ಷಯದ ರೋಗಿಗಳಿಗೂ ಕೊಟ್ಟು ನೋಡಿದ್ದಾರೆ, ಆದರೆ ಇಲಿಗಳಲ್ಲಿ ಕಂಡಷ್ಟು ಲಾಭ ಮನುಷ್ಯರಲ್ಲಿ ಕಂಡಿಲ್ಲ. ಇಲಿಗೂ ಮನುಷ್ಯನಿಗೂ ನಡುವೆ ಉಳಿದಿರುವ ಈ ಅಂತರದಲ್ಲಿ ಕಥೆಗಾರರು ಕಾಲಿಡಬಹುದು.

ಇಲ್ಲಿ ಒಂದು ಶಿಸ್ತನ್ನು ಪಾಲಿಸಬೇಕು. ಇಡೀ ಕಥೆಯಲ್ಲಿ ನಿಮಗೆ ಒಂದೇ ಒಂದು ಅಸಾಧ್ಯಕ್ಕೆ ಅನುಮತಿಯಿದೆ ಎಂದುಕೊಳ್ಳಿ. ವಸುಧಾಳ ಕಥೆಯಲ್ಲಿ ಆ ಅಸಾಧ್ಯವೆಂದರೆ ಅವಳ ಸ್ನಾಯುಗಳು ಔಷಧಕ್ಕೆ ಇಲಿಗಳಿಗಿಂತಲೂ ಹೆಚ್ಚಿನ ರಭಸದಿಂದ ಓಗೊಡುವುದು. ಅದನ್ನು ಒಪ್ಪಿಕೊಂಡ ಓದುಗರ ಮುಂದೆ ಉಳಿದುದೆಲ್ಲವೂ, ಅಂದರೆ ಮೂಳೆ, ಹಸಿವು, ಜ್ವರ, ಕಾಲದ ಲೆಕ್ಕ ಎಲ್ಲವೂ, ನಿಜವಾದ ದೇಹದ ನಿಯಮದಂತೆಯೇ ನಡೆಯಬೇಕು. ರೆಕ್ಕೆ, ಬಾಲ, ಕತ್ತಲಲ್ಲಿ ಹೊಳೆಯುವ ಕಣ್ಣು ಎಂದು ಅಲ್ಲೊಂದು ಇಲ್ಲೊಂದು ಸೇರಿಸುತ್ತ ಹೋದರೆ ಮೊದಲ ಅಸಾಧ್ಯದ ಮೇಲಿನ ನಂಬಿಕೆಯೂ ಸಡಿಲವಾಗುತ್ತದೆ.

ನಿಮ್ಮ ಪಾತ್ರದ ಕಾಯಿಲೆ ಬೇರೆಯಾಗಿದ್ದರೆ ನಿಜವಾದ ಔಷಧಗಳ ಅಡ್ಡಪರಿಣಾಮಗಳನ್ನು ಗಮನಿಸಿ. ಅವು ನಮ್ಮ ಕಲ್ಪನೆಗಿಂತ ವಿಚಿತ್ರವಾಗಿರುತ್ತವೆ. ರಕ್ತದೊತ್ತಡ ಇಳಿಸಲೆಂದು ಕೊಡುತ್ತಿದ್ದ ಮಿನಾಕ್ಸಿಡಿಲ್ ರೋಗಿಗಳ ಮೈಮೇಲೆ ಕೂದಲು ಬೆಳೆಸಿದ್ದರಿಂದಲೇ ಅದು ಮುಂದೆ ಬೋಳುತಲೆಯ ಔಷಧವಾಯಿತು. ಸ್ಟೀರಾಯ್ಡ್ ಮಾತ್ರೆಗಳನ್ನು ಹೆಚ್ಚಿನ ಡೋಸಿನಲ್ಲಿ ದೀರ್ಘಕಾಲ ತೆಗೆದುಕೊಂಡವರ ಮುಖ ದುಂಡಗಾಗುತ್ತದೆ, ಕತ್ತಿನ ಹಿಂದೆ ಕೊಬ್ಬಿನ ಡುಬ್ಬ ಏಳುತ್ತದೆ, ಚರ್ಮ ತೆಳ್ಳಗಾಗಿ ಸಣ್ಣ ಪೆಟ್ಟಿಗೂ ಕಂದುಗಟ್ಟುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಡೋಪಮೈನ್ ವರ್ಗದ ಕೆಲವು ಔಷಧಗಳಿಂದ ಜೂಜಿನ ಗೀಳು ಹತ್ತಿದವರೂ ಇದ್ದಾರೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಅದನ್ನು ಅದರ ದಿಕ್ಕಿನಲ್ಲೇ ಇನ್ನೂ ನಾಲ್ಕು ಹೆಜ್ಜೆ ನಡೆಸಿ ನೋಡಿ.

ಪ್ರಯೋಗ ನಡೆಯುವ ಜಾಗ, ನಡೆಸುವ ಜನ

ನೆಲಮಾಳಿಗೆಯ ಪ್ರಯೋಗಾಲಯ, ಒಬ್ಬಂಟಿ ಹುಚ್ಚು ವಿಜ್ಞಾನಿ, ಹಸಿರು ದ್ರವದ ಸೀಸೆ ಇವುಗಳನ್ನು ಬಿಟ್ಟುಬಿಡಿ. ಇಂದು ಹೊಸ ಔಷಧವೊಂದನ್ನು ಮನುಷ್ಯರ ಮೇಲೆ ಪರೀಕ್ಷಿಸುವುದು ಕಾಗದಪತ್ರ, ಸಮಿತಿ, ಸಮ್ಮತಿ, ತಪಾಸಣೆಗಳ ನಡುವೆ. ಸಾಮಾನ್ಯವಾಗಿ ಮೊದಲ ಹಂತದಲ್ಲಿ 20ರಿಂದ 100 ಜನರಿಗೆ ಕೊಟ್ಟು ಔಷಧ ಸುರಕ್ಷಿತವೇ, ಎಷ್ಟು ಡೋಸ್ ತಡೆದುಕೊಳ್ಳಬಹುದು ಎಂದು ನೋಡುತ್ತಾರೆ. ಎರಡನೆಯ ಹಂತದಲ್ಲಿ ಕೆಲವು ನೂರು ರೋಗಿಗಳವರೆಗೆ, ಮೂರನೆಯ ಹಂತದಲ್ಲಿ ಅನೇಕ ನೂರರಿಂದ ಕೆಲವು ಸಾವಿರ ಜನರವರೆಗೆ ಹೋಗುತ್ತಾರೆ. 1947ರ ನ್ಯೂರೆಂಬರ್ಗ್ ಸಂಹಿತೆ ಮತ್ತು 1964ರ ಹೆಲ್ಸಿಂಕಿ ಘೋಷಣೆಯ ನಂತರ, ಪರೀಕ್ಷೆಗೆ ಒಳಗಾಗುವವರ ಒಪ್ಪಿಗೆಯಿಲ್ಲದೆ ಪ್ರಯೋಗ ನಡೆಸಬಾರದೆಂಬುದು ಎಲ್ಲರೂ ಒಪ್ಪಿಕೊಂಡ ತತ್ವ. ಇಷ್ಟೆಲ್ಲ ಕಾವಲಿದ್ದೂ ಅನಾಹುತವಾಯಿತೆಂದರೆ ಮಾತ್ರ ಓದುಗರಿಗೆ ಅದು ತಮ್ಮ ಲೋಕದಲ್ಲಿ ನಡೆದದ್ದೆನಿಸುತ್ತದೆ.

ಅಂಥ ಅನಾಹುತ ನಿಜವಾಗಿಯೂ ನಡೆದಿದೆ, ಈ ಬಗೆಯ ಕಥೆ ಬರೆಯುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕು. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ಥ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಎಂಟು ಆರೋಗ್ಯವಂತ ಸ್ವಯಂಸೇವಕರ ಮೇಲೆ ಟಿಜಿಎನ್1412 ಎಂಬ ಆಂಟಿಬಾಡಿ ಔಷಧದ ಮೊದಲ ಪರೀಕ್ಷೆ ನಡೆಯಿತು. ಆರು ಜನರಿಗೆ ಔಷಧ, ಇಬ್ಬರಿಗೆ ಏನೂ ಇಲ್ಲದ ಪ್ಲಸೀಬೊ. ಕೊಟ್ಟ ಡೋಸ್ ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡುಬಂದಿದ್ದ ಪ್ರಮಾಣದ ಐನೂರರಲ್ಲಿ ಒಂದು ಭಾಗ ಮಾತ್ರ. ಒಬ್ಬರಾದ ಮೇಲೆ ಒಬ್ಬರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಔಷಧ ಕೊಡುತ್ತ ಹೋದರು. ಸುಮಾರು ಒಂದೂವರೆ ಗಂಟೆಯೊಳಗೆ ತಲೆನೋವು, ಬೆನ್ನುನೋವು, ವಾಕರಿಕೆ, ಜ್ವರ ಶುರುವಾಗಿ, ಆರೂ ಜನ ಬಹು ಅಂಗಾಂಗ ವೈಫಲ್ಯದಿಂದ ತೀವ್ರ ನಿಗಾ ಘಟಕ ಸೇರಿದರು. ಪ್ರತಿರೋಧ ವ್ಯವಸ್ಥೆಯ ಕೆಲವು ಕಣಗಳನ್ನು ಚುರುಕುಗೊಳಿಸಲೆಂದೇ ರೂಪಿಸಿದ್ದ ಔಷಧ ಅವುಗಳನ್ನು ಕಡಿವಾಣವಿಲ್ಲದೆ ಚುರುಕುಗೊಳಿಸಿತ್ತು. ಆರೂ ಜನ ಬದುಕುಳಿದರು, ಆದರೆ ಒಬ್ಬಾತ ಬೆರಳುಗಳನ್ನು ಕಳೆದುಕೊಂಡ. ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಮುಂದಿನವರಿಗೆ ಕೊಡುವ ಪದ್ಧತಿ ಗಟ್ಟಿಯಾಗಿ ನೆಲೆಯೂರಿದ್ದು ಈ ಘಟನೆಯ ನಂತರ.

ಕಥೆಗಾರರು ಇಲ್ಲಿ ಗಮನಿಸಬೇಕಾದವರು ಆ ಇಬ್ಬರು ಪ್ಲಸೀಬೊ ಸ್ವಯಂಸೇವಕರು. ಅದೇ ಕೋಣೆ, ಅದೇ ಬಗೆಯ ಸೂಜಿ. ತಮಗೆ ಯಾವುದನ್ನು ಕೊಟ್ಟಿದ್ದಾರೆಂದು ತಿಳಿಯದೆ, ಪಕ್ಕದ ಮಂಚಗಳಲ್ಲಿ ನಡೆಯುತ್ತಿರುವುದನ್ನು ನೋಡುತ್ತ, ಮುಂದಿನ ಸರದಿ ತಮ್ಮದೇ ಇರಬಹುದೆಂದು ಕಾಯುವ ಮನುಷ್ಯನ ಮನಸ್ಸಿಗಿಂತ ಒಳ್ಳೆಯ ನಿರೂಪಕ ಸಿಗುವುದು ಕಷ್ಟ. ನಿಜವಾದ ವ್ಯಕ್ತಿಗಳ ಮಾತು, ಮುಖಗಳನ್ನು ಎತ್ತಿಕೊಳ್ಳಬೇಡಿ. ಸನ್ನಿವೇಶದ ರಚನೆಯನ್ನು ಮಾತ್ರ ಕಲಿಯಿರಿ.

ವೈದ್ಯರನ್ನು ಖಳನಾಯಕರನ್ನಾಗಿ ಮಾಡುವ ಆತುರವೂ ಬೇಡ. ವಸುಧಾಳ ಪ್ರಯೋಗವನ್ನು ನಡೆಸುವ ವೈದ್ಯೆ ಆಕೆಯ ಬಗ್ಗೆ ಕಾಳಜಿಯುಳ್ಳವಳಾಗಿರಲಿ. ಇಬ್ಬರ ನಡುವಿನ ನಿಜವಾದ ಬಿರುಕು ಬೇರೆಡೆ ಇದೆ: ವೈದ್ಯೆಗೆ ಇದು ಸಂಶೋಧನೆ, ವಸುಧಾಳಿಗೆ ಇದು ಚಿಕಿತ್ಸೆ. ಹನ್ನೆರಡು ಪುಟದ ಸಮ್ಮತಿ ಪತ್ರದಲ್ಲಿ "ಈ ಅಧ್ಯಯನದಿಂದ ನಿಮಗೆ ನೇರ ಲಾಭವಾಗದೆ ಇರಬಹುದು" ಎಂಬ ಸಾಲಿರುತ್ತದೆ, ವಸುಧಾ ಅದನ್ನು ಓದುತ್ತಾಳೆ, ಅರ್ಥಮಾಡಿಕೊಳ್ಳುತ್ತಾಳೆ, ಆದರೂ ನಂಬುವುದಿಲ್ಲ. ಬಹುಕಾಲದಿಂದ ನರಳುತ್ತಿರುವ ರೋಗಿಗಳಲ್ಲಿ ಈ ತಪ್ಪುಗ್ರಹಿಕೆ ಎಷ್ಟು ಸಾಮಾನ್ಯವೆಂದರೆ ವೈದ್ಯಕೀಯ ನೀತಿಶಾಸ್ತ್ರದಲ್ಲಿ ಅದನ್ನು ಪ್ರತ್ಯೇಕವಾಗಿಯೇ ಚರ್ಚಿಸುತ್ತಾರೆ. ಆ ಒಂದು ಸಾಲನ್ನು ಓದುವ ದೃಶ್ಯಕ್ಕೆ ಒಂದು ಪುಟವನ್ನೇ ಕೊಡಿ. ಮುಂದೆ ನಡೆಯುವ ಯಾವ ಭೀಕರ ದೃಶ್ಯಕ್ಕಿಂತಲೂ ಅದು ಕಡಿಮೆ ಮಹತ್ವದ್ದಲ್ಲ.

ದೇಹ ಮಾರ್ಪಡುವ ಕ್ರಮ

ಈ ಭಾಗಕ್ಕೆ ಅತಿ ಹೆಚ್ಚು ಶ್ರಮ ಬೇಕು. ರೂಪಾಂತರವನ್ನು ಒಂದು ರಾತ್ರಿಯಲ್ಲಿ ಮುಗಿಸಬೇಡಿ. ಭೇಟಿಯಿಂದ ಭೇಟಿಗೆ ಹಂಚಿ. ಪ್ರಯೋಗದಲ್ಲಿ ಭಾಗವಹಿಸುವವರು ನಿಗದಿತ ದಿನಗಳಂದು ಬಂದು ತೂಕ, ರಕ್ತದೊತ್ತಡ, ರಕ್ತದ ಮಾದರಿ ಕೊಟ್ಟು ಹೋಗುತ್ತಾರಾದ್ದರಿಂದ ಕಥೆಗೆ ತಾನಾಗಿಯೇ ಒಂದು ಬೆನ್ನೆಲುಬು ಸಿಗುತ್ತದೆ.

ಮೊದಲ ಬದಲಾವಣೆಗಳು ಸಂತೋಷದವಾಗಿರಲಿ. ವಸುಧಾ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದನ್ನು ಮರೆಯುತ್ತಾಳೆ. ಜಡೆ ಹೆಣೆದುಕೊಳ್ಳಲು ಕೈ ಹಿಂದಕ್ಕೆ ಹೋಗುತ್ತದೆ. ಹಲಗೆಯ ಮೇಲಿನ ಸಾಲಿನಲ್ಲಿ ದಿನಾಂಕ ಬರೆಯುತ್ತಾಳೆ, ತರಗತಿಯಲ್ಲಿ ಯಾರಿಗೂ ಅದೊಂದು ವಿಶೇಷವೆನಿಸುವುದಿಲ್ಲ, ಅವಳೊಬ್ಬಳೇ ಹಿಂದಕ್ಕೆ ಸರಿದು ನಿಂತು ಅದನ್ನು ನೋಡುತ್ತಾಳೆ. ಓದುಗರು ಈ ಕ್ಷಣದಲ್ಲಿ ಔಷಧದ ಪರವಾಗಿ ನಿಲ್ಲಬೇಕು. ಇಲ್ಲಿ ಅವರು ಅವಳೊಂದಿಗೆ ಹಿಗ್ಗದಿದ್ದರೆ ಮುಂದೆ ನಡುಗುವುದೂ ಇಲ್ಲ.

ಅನಂತರ ಬರುವುದು ಅತಿಯಾದ ಬೆಳವಣಿಗೆಯ ಸಣ್ಣ ಸುಳಿವುಗಳು. ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಸುರಿಯುವ ಆಕ್ರೊಮೆಗಲಿ ಎಂಬ ಕಾಯಿಲೆಯಲ್ಲಿ ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಹೆಚ್ಚುತ್ತದೆ, ಕೆಳದವಡೆ ಮುಂದೆ ಬಂದು ಹಲ್ಲುಗಳ ನಡುವೆ ಸಂದು ಬೀಳುತ್ತದೆ, ನಾಲಿಗೆ ದಪ್ಪವಾಗುತ್ತದೆ, ಧ್ವನಿ ಗಡಸಾಗುತ್ತದೆ. ಬದಲಾವಣೆ ಎಷ್ಟು ನಿಧಾನವೆಂದರೆ ಮನೆಯವರಿಗೇ ತಿಳಿಯದೆ ವರ್ಷಗಳು ಕಳೆದು, ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿದಾಗ ಗೊತ್ತಾಗುವುದುಂಟು. ಈ ಕ್ರಮವನ್ನು ಅಭ್ಯಾಸ ಮಾಡಿ. ದೇಹ ಬದಲಾಗುತ್ತಿರುವುದನ್ನು ಮೊದಲು ವಸ್ತುಗಳು ಹೇಳಲಿ, ಆಮೇಲೆ ಇತರರ ಕಣ್ಣುಗಳು ಹೇಳಲಿ, ಎಲ್ಲಕ್ಕಿಂತ ಕೊನೆಗೆ ಕನ್ನಡಿ ಹೇಳಲಿ.

ಆಮೇಲೆ ಔಷಧ ತಲುಪಬಹುದಾದ ಜಾಗಗಳನ್ನೆಲ್ಲ ಒಂದೊಂದಾಗಿ ಯೋಚಿಸಿ. ಸ್ನಾಯುವೆಂದರೆ ತೋಳು ತೊಡೆಗಳಷ್ಟೇ ಅಲ್ಲ. ಮನುಷ್ಯನ ದೇಹದಲ್ಲಿ ಆರು ನೂರಕ್ಕೂ ಹೆಚ್ಚು ಸ್ನಾಯುಗಳಿವೆ. ದವಡೆಯನ್ನು ಮುಚ್ಚುವುದು ಸ್ನಾಯು, ಕಣ್ಣುಗುಡ್ಡೆಯನ್ನು ತಿರುಗಿಸುವುದು ಸ್ನಾಯು, ಮುಗುಳ್ನಗೆಯನ್ನು ಮೂಡಿಸುವುದು ಸ್ನಾಯು, ನಾಲಿಗೆಯಂತೂ ಬಹುಪಾಲು ಸ್ನಾಯುವೇ. ಈ ಪಟ್ಟಿಯನ್ನು ಬರೆಯುತ್ತ ಹೋದಂತೆ ದೈತ್ಯನ ರೂಪ ತಾನಾಗಿಯೇ ಕಾಣಿಸತೊಡಗುತ್ತದೆ: ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿದು ಅವಳದೇ ದವಡೆಹಲ್ಲು ಸೀಳುತ್ತದೆ, ದಪ್ಪಗಾದ ನಾಲಿಗೆ ಉಸಿರಿಗೆ ಅಡ್ಡವಾಗಿ ಅವಳು ಕುಳಿತೇ ನಿದ್ರಿಸಬೇಕಾಗುತ್ತದೆ, ಕೆನ್ನೆಯ ಸ್ನಾಯುಗಳು ಗಟ್ಟಿಯಾಗಿ, ನಗಲು ಹೊರಟ ಮುಖ ಹಲ್ಲು ಕಿರಿದಂತೆ ಕಾಣುತ್ತದೆ. ಮಾತಿನಲ್ಲಿ ಮೊದಲು ಜಾರುವುದು ನಾಲಿಗೆಯ ತುದಿ ಬಳಸಿ ನುಡಿಯುವ ಅಕ್ಷರಗಳು. ಅವಳು ಮಕ್ಕಳಿಗೆ ಹಾಜರಿ ಕರೆಯುವಾಗ ಕೆಲವು ಹೆಸರುಗಳನ್ನು ಬಿಟ್ಟು ಹೋಗುವುದನ್ನು ತೋರಿಸಿದರೆ ಸಾಕು, ಕಾರಣವನ್ನು ಓದುಗರೇ ಕಂಡುಕೊಳ್ಳುತ್ತಾರೆ.

ಬೆಳವಣಿಗೆಗೆ ತೆರಬೇಕಾದ ಬೆಲೆಯನ್ನೂ ಲೆಕ್ಕ ಹಾಕಿ. ಆಕಾರವನ್ನು ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ, ಆದರೆ ಆ ತೂಕ ಹೊರುವ ಮೂಳೆಯ ಅಡ್ಡಕೊಯ್ತ ನಾಲ್ಕು ಪಟ್ಟು ಮಾತ್ರ ಹಿಗ್ಗುತ್ತದೆ. ದೈತ್ಯ ಪ್ರಾಣಿಗಳ ಮೂಳೆ ಬೇರೆಯೇ ಪ್ರಮಾಣದಲ್ಲಿರಬೇಕೆಂದು ಗೆಲಿಲಿಯೊ 1638ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದ. ಮಯೋಸ್ಟ್ಯಾಟಿನ್ ಇಲ್ಲದ ಇಲಿಗಳಲ್ಲಿ ಸ್ನಾಯು ದೊಡ್ಡದಾದರೂ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಚಿಕ್ಕದಾಗಿ, ಪೆಡಸಾಗಿ ಇರುತ್ತದೆಂದು ತಿಳಿದುಬಂದಿದೆ. ಹಾಗಾಗಿ ವಸುಧಾಳ ಬಲ ಎಂದಿಗೂ ಸುರಕ್ಷಿತ ಬಲವಲ್ಲ. ಅವಳು ಬಾಗಿಲನ್ನು ಕಿತ್ತರೆ ಬಾಗಿಲಿನ ಜೊತೆ ಅವಳ ಮೊಣಕೈಯ ರಜ್ಜುವೂ ಹರಿಯಬೇಕು. ಸ್ನಾಯುವಿನ ನಾರುಗಳು ಒಡೆದಾಗ ಅವುಗಳಲ್ಲಿನ ಕೆಂಪು ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರ ಕಡುಕಂದಾಗುತ್ತದೆ, ಮೂತ್ರಪಿಂಡ ಕೆಡತೊಡಗುತ್ತದೆ. ಇದರ ಸುಳಿವು ರಕ್ತಪರೀಕ್ಷೆಯಲ್ಲಿ ಬಹಳ ಮೊದಲೇ ಸಿಗುವುದರಿಂದ, ವಸುಧಾ ಸಂಭ್ರಮದಲ್ಲಿರುವ ವಾರಗಳಲ್ಲೇ ವೈದ್ಯೆಯ ಮೇಜಿನ ಮೇಲಿನ ವರದಿಯಲ್ಲಿ ಒಂದು ಅಂಕಿ ಏರುತ್ತಿರಲಿ. ದುಡಿಯುವ ಸ್ನಾಯು ಶಾಖವನ್ನೂ ಹೊಮ್ಮಿಸುತ್ತದೆ, ಆಹಾರವನ್ನೂ ಬೇಡುತ್ತದೆ. ತಣ್ಣನೆಯ ನೆಲದ ಮೇಲೆ ಅಂಗಾತ ಮಲಗುವ, ನಡುರಾತ್ರಿ ಎದ್ದು ಪಾತ್ರೆಗಳನ್ನು ತಡಕಾಡುವ ಅವಳ ದೃಶ್ಯಗಳು ಈ ಲೆಕ್ಕದಿಂದಲೇ ಹುಟ್ಟುತ್ತವೆ.

ಇಷ್ಟೆಲ್ಲ ವಿವರ ಕೂಡಿಸಿಕೊಂಡ ಮೇಲೆ ಅವನ್ನೆಲ್ಲ ಒಟ್ಟಿಗೆ ಸುರಿಯಬಾರದು. ಇಡೀ ರೂಪಾಂತರವನ್ನು ಹೊರಬಲ್ಲ ಒಂದೇ ಒಂದು ಕೆಲಸವನ್ನು ಆರಿಸಿಕೊಂಡು, ಅದನ್ನು ಮತ್ತೆ ಮತ್ತೆ ಮಾಡಿಸಿ. ನಾನು ವಸುಧಾಳಿಗೆ ಆರಿಸುವುದು ಸಹಿಯನ್ನು. ಪ್ರಯೋಗದ ಪ್ರತಿ ಭೇಟಿಯಲ್ಲೂ ಅವಳು ಒಂದು ಕಡೆಯಾದರೂ ಸಹಿ ಹಾಕಬೇಕಾಗುತ್ತದೆ. ಮೊದಲ ಭೇಟಿಯಲ್ಲಿ ಅಕ್ಷರಗಳು ಸಣ್ಣಗೆ, ನಡುಗುತ್ತ ಕೆಳಗೆ ಇಳಿದಿವೆ. ಮೂರನೆಯ ಭೇಟಿಯಲ್ಲಿ ನೆಟ್ಟಗೆ ನಿಂತಿವೆ. ಆರನೆಯ ಭೇಟಿಯನ್ನು ಹೀಗೆ ಬರೆಯಬಹುದು:

"ನರ್ಸ್ ಕಾಗದದ ಮೇಲೆ ಬೆರಳಿಟ್ಟು, 'ಇಲ್ಲೊಂದು ಸಹಿ ಹಾಕಿ ಮೇಡಂ' ಎಂದಳು. ವಸುಧಾ ಪೆನ್ನನ್ನು ಎರಡು ಬೆರಳಿನ ನಡುವೆ ತಂದುಕೊಂಡಳು. 'ವ'ದ ಸುತ್ತು ಅರ್ಧಕ್ಕೆ ಬರುವಷ್ಟರಲ್ಲಿ ಕಾಗದ ಹರಿಯಿತು, ಪೆನ್ನಿನ ಒಡಲು ಸೀಳಿ ಶಾಯಿ ಅಂಗೈಗೆ ಹತ್ತಿತು. ನರ್ಸ್ ಏನೂ ಹೇಳದೆ ಇನ್ನೊಂದು ಪ್ರತಿ ತೆಗೆದಿಟ್ಟಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಡ್ರಾಯರಿನಿಂದ ಇಂಕ್ ಪ್ಯಾಡ್ ತೆಗೆದಳು. 'ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಮೇಡಂ.' ಹದಿನಾಲ್ಕು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ್ದ ವಸುಧಾ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದಳು. ಅದರ ಗುರುತು ಚೌಕದೊಳಗೆ ಹಿಡಿಸಲಿಲ್ಲ."

ಇಲ್ಲಿ ರಕ್ತವಿಲ್ಲ, ಕಿರುಚಾಟವಿಲ್ಲ. ಆದರೂ ಶಿಕ್ಷಕಿಯೊಬ್ಬಳು ಹೆಬ್ಬೆಟ್ಟಿಗೆ ಇಳಿದದ್ದನ್ನು ನೋಡಿದ ಓದುಗರು ಅವಳು ಏನನ್ನು ಕಳೆದುಕೊಂಡಳೆಂದು ಅಳೆಯಬಲ್ಲರು. ರಕ್ತ ಬರುವ ದೃಶ್ಯಗಳೂ ಬೇಕಾಗಬಹುದು, ಆದರೆ ಅವು ಇಂಥ ದೃಶ್ಯಗಳ ನಂತರ ಬರಲಿ.

ಮನಸ್ಸು ಎಷ್ಟು ಉಳಿಯಬೇಕು

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬಹುಪಾಲು ಉಳಿಯಬೇಕು. ಮನಸ್ಸು ಪೂರ್ತಿ ಅಳಿಸಿಹೋದ ದೈತ್ಯ ಒಂದು ಕಾಡುಪ್ರಾಣಿ ಮಾತ್ರ, ಅದನ್ನು ಕೊಲ್ಲುವುದಕ್ಕೆ ಯಾರಿಗೂ ದುಃಖವಾಗುವುದಿಲ್ಲ. ಮಹಾಭಾರತದಲ್ಲಿ ಶಾಪದಿಂದ ಹೆಬ್ಬಾವಾದ ನಹುಷ ಭೀಮನನ್ನು ಸುತ್ತಿ ಹಿಡಿದಾಗಲೂ ತಾನು ಯಾರೆಂಬುದನ್ನು ಮರೆತಿರಲಿಲ್ಲ. ಯುಧಿಷ್ಠಿರನಿಗೆ ಪ್ರಶ್ನೆ ಕೇಳುವಷ್ಟು ವಿವೇಕ ಆ ಹಾವಿನೊಳಗೆ ಉಳಿದಿತ್ತು, ಅದರಿಂದಲೇ ಆ ಪ್ರಸಂಗಕ್ಕೆ ತೂಕ ಬಂದಿದೆ. ವಸುಧಾಳ ನಾಲಿಗೆ ಸೋತ ಮೇಲೂ ಅವಳೊಳಗೆ ವಾಕ್ಯಗಳು ಪೂರ್ಣವಾಗಿಯೇ ಹುಟ್ಟುತ್ತಿರಲಿ.

ಆದರೂ ಸ್ವಭಾವದಲ್ಲಿ ಏನಾದರೂ ಬದಲಾಗಲೇಬೇಕು, ಆ ಬದಲಾವಣೆಗೂ ದೇಹದಲ್ಲಿ ಕಾರಣವಿರಬೇಕು. ಸರಿಯಾಗಿ ನಿದ್ದೆಯಿಲ್ಲದ, ಸದಾ ಹಸಿದ, ಸದಾ ನೋವಿನಲ್ಲಿರುವ ಮನುಷ್ಯ ಸಿಡುಕುವುದಕ್ಕೆ ರಾಕ್ಷಸನಾಗಬೇಕಿಲ್ಲ. ಅವಳಿಂದ ನಡೆಯುವ ಹಿಂಸೆ ಒಂದೇ ಇರಲಿ, ಅದೂ ಅವಳು ಬಯಸದೆ ನಡೆದದ್ದಿರಲಿ: ಬೀಳುತ್ತಿದ್ದ ಮಗುವನ್ನು ಹಿಡಿಯಲು ಹೋದ ಕೈ ಆ ಮಗುವಿನ ತೋಳನ್ನು ಮುರಿಯುತ್ತದೆ. ಆ ಮೇಲೆ ಅವಳು ಯಾರನ್ನೂ ಮುಟ್ಟುವುದಿಲ್ಲ. ಸಾಲು ಸಾಲಾಗಿ ಕೊಲೆ ನಡೆಸುವುದಕ್ಕಿಂತ ಇದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಮುಖದ ಉಬ್ಬು, ದಪ್ಪ ನಾಲಿಗೆ, ಬಾಗಿದ ಬೆನ್ನು, ತಡವರಿಸುವ ಮಾತು ಇವೆಲ್ಲ ನಿಜವಾದ ಕಾಯಿಲೆಗಳಲ್ಲಿ ನಿಜವಾದ ಜನರಿಗೆ ಇರುವಂಥವು, ಅವರೂ ನಿಮ್ಮ ಕಥೆಯನ್ನು ಓದುತ್ತಾರೆ. ಕೆಟ್ಟತನವನ್ನು ತೋರಿಸಲು ಕುರೂಪವನ್ನು ಗುರುತಾಗಿ ಬಳಸಬೇಡಿ. ಅವಳ ದೇಹವನ್ನು ಅಸಹ್ಯವೆಂದು ಕರೆಯುವುದಿದ್ದರೆ ಅದನ್ನು ಒಂದು ಪಾತ್ರ ಕರೆಯಲಿ, ನಿರೂಪಣೆ ಕರೆಯದಿರಲಿ.

ಯಾರ ಬಾಯಿಂದ ಹೇಳಿಸಬೇಕು

ಮೂರು ದಾರಿಗಳಿವೆ. ವಸುಧಾಳೇ ಹೇಳಿದರೆ ಆಪ್ತತೆ ಸಿಗುತ್ತದೆ, ಆದರೆ ಅವಳಿಗೆ ಕಾಣದ ತನ್ನ ಮುಖ ಓದುಗರಿಗೂ ಕಾಣದು. ನರ್ಸ್ ಅಥವಾ ಪ್ಲಸೀಬೊ ಪಡೆದ ಸಹರೋಗಿ ಹೇಳಿದರೆ ರೂಪ ಕಾಣುತ್ತದೆ, ಅಂತರಂಗ ಮರೆಯಾಗುತ್ತದೆ. ಪ್ರಯೋಗದ ದಾಖಲೆಗಳ ಮೂಲಕವೇ ಹೇಳುವುದು ಮೂರನೆಯದು; ಅಲ್ಲಿ ವಸುಧಾಳಿಗೆ ಹೆಸರಿರುವುದಿಲ್ಲ, ಒಂದು ಸಂಖ್ಯೆಯಿರುತ್ತದೆ, "ರೋಗಿ ಸಹಕರಿಸಿದರು" ಎಂಬ ಸಾಲು ಒಂದು ದಿನ "ರೋಗಿಯನ್ನು ಹಿಡಿದಿಟ್ಟುಕೊಳ್ಳಬೇಕಾಯಿತು" ಎಂದು ಬದಲಾಗುತ್ತದೆ. ಇವುಗಳಲ್ಲಿ ನನಗೆ ಇಷ್ಟವಾಗುವುದು ವಸುಧಾಳ ಮಾತಿನ ನಡುನಡುವೆ ದಾಖಲೆಯ ತುಣುಕುಗಳನ್ನು ಇಟ್ಟು, ಎರಡೂ ಹೇಳುವ ಒಂದೇ ದಿನದ ಸಂಗತಿ ಕ್ರಮೇಣ ಹೊಂದಿಕೆಯಾಗದಂತೆ ಮಾಡುವುದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ಸಾಧನ ಕೈಯಲ್ಲೇ ಇದೆ. ಸಹೋದ್ಯೋಗಿಗಳು ಅವಳ ಬಗ್ಗೆ ಮಾತನಾಡುವಾಗ "ಬಂದರು, ಕೂತರು" ಎನ್ನುತ್ತಿದ್ದವರು ಯಾವ ಪುಟದಲ್ಲಿ "ಬಂತು, ಕೂತಿತು" ಎನ್ನತೊಡಗುತ್ತಾರೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ, ಮೊದಲು ಹಾಗೆ ಅಂದವರು ಯಾರು, ಅದನ್ನು ತಿದ್ದಿದವರು ಯಾರು, ಯಾರೂ ತಿದ್ದದೆ ಹೋದ ದಿನ ಯಾವುದು ಎಂಬುದನ್ನೂ ಗೊತ್ತುಮಾಡಿ. ನಿರೂಪಣೆ ಮಾತ್ರ ಕೊನೆಯವರೆಗೂ ಅವಳನ್ನು "ಅವಳು" ಎಂದೇ ಕರೆಯಲಿ.

ಔಷಧ ನಿಲ್ಲಿಸಿದ ಮೇಲೆ

ಕಥೆಯ ಕೊನೆಯ ಭಾಗದಲ್ಲಿ ಮರುಮದ್ದಿನ ಸೀಸೆಯನ್ನು ಹುಡುಕುವ ಓಟ ಬೇಡ. ಸ್ಟೀವನ್‌ಸನ್ 1886ರಲ್ಲಿ ಬರೆದ ಜೆಕಿಲ್ ಮತ್ತು ಹೈಡ್ ಕಥೆ ಈ ಬಗೆಯ ಕಥೆಗಳಿಗೆಲ್ಲ ಹಿರಿಯಣ್ಣ. ಅಲ್ಲಿ ವೈದ್ಯ ಮೊದಲು ಬಳಸಿದ ಲವಣದಲ್ಲಿ ಗೊತ್ತಿಲ್ಲದ ಕಲ್ಮಶವೊಂದಿತ್ತು, ಔಷಧ ಕೆಲಸ ಮಾಡಿದ್ದು ಆ ಕಲ್ಮಶದಿಂದಲೇ ಎಂದು ಕೊನೆಗೆ ಅವನಿಗೆ ಹೊಳೆಯುತ್ತದೆ, ಅದನ್ನು ಮತ್ತೆ ಪಡೆಯುವ ದಾರಿಯಿರುವುದಿಲ್ಲ. ಅಷ್ಟು ಚಿಕ್ಕ, ಅಷ್ಟು ನಂಬಬಹುದಾದ ವಿವರದಿಂದ ಬಾಗಿಲು ಮುಚ್ಚಿಕೊಳ್ಳುವುದನ್ನು ನಾವು ಅಲ್ಲಿಂದ ಕಲಿಯಬೇಕು.

ವಸುಧಾಳ ವಿಷಯದಲ್ಲಿ ಆ ವಿವರವನ್ನು ಔಷಧದ ಅರ್ಧಾಯುವೇ ಒದಗಿಸುತ್ತದೆ. ದೇಹದಲ್ಲಿರುವ ಔಷಧದ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಕಾಲವನ್ನು ಅರ್ಧಾಯು ಎನ್ನುತ್ತಾರೆ. ಐದು ಅರ್ಧಾಯು ಕಳೆದ ಮೇಲೆ ಸುಮಾರು ಶೇಕಡ 97ರಷ್ಟು ಹೊರಹೋಗಿರುತ್ತದೆ. ಮಾತ್ರೆಗಳಲ್ಲಿ ಇದು ಗಂಟೆಗಳ ಲೆಕ್ಕವಾಗಿರಬಹುದು, ಆದರೆ ಚುಚ್ಚಿ ಕೊಡುವ ಆಂಟಿಬಾಡಿ ಔಷಧಗಳಲ್ಲಿ ಅನೇಕವಕ್ಕೆ ಸುಮಾರು ಮೂರು ವಾರ ಹಿಡಿಯುತ್ತದೆ. ವಸುಧಾಳ ಔಷಧವೂ ಅಂಥದ್ದೇ ಎಂದಿಟ್ಟುಕೊಂಡರೆ, ಪ್ರಯೋಗ ನಿಲ್ಲಿಸಲು ಸಮಿತಿ ತೀರ್ಮಾನಿಸಿ, ವೈದ್ಯೆ ಕಣ್ಣೀರಿಟ್ಟು, ಎಲ್ಲರೂ ಸರಿಯಾದುದನ್ನೇ ಮಾಡಿದ ಮೇಲೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಔಷಧ ಅವಳೊಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಕಥೆಯ ಅತ್ಯಂತ ಭೀಕರ ಭಾಗ ಆ ಮೂರು ತಿಂಗಳಲ್ಲಿ ನಡೆಯಲಿ. ಅಲ್ಲಿ ದೂರಲು ಯಾರೂ ಉಳಿದಿರುವುದಿಲ್ಲ, ಕಾಯುವುದಷ್ಟೇ ಉಳಿದಿರುತ್ತದೆ.

ಔಷಧ ಪೂರ್ತಿ ಹೋದ ಮೇಲೆ ಏನಾಗುತ್ತದೆ ಎಂಬುದು ನಿಮ್ಮ ಆಯ್ಕೆ. ಅವಳು ಸಾಯಬಹುದು, ಅದು ಸುಲಭವಾದ ಮುಕ್ತಾಯ, ಅನೇಕ ವೇಳೆ ಲೇಖಕರ ದಣಿವಿನಿಂದ ಬಂದದ್ದು. ಅದೇ ರೂಪದಲ್ಲಿ ಉಳಿದುಬಿಡಬಹುದು. ನಾನಾದರೆ ಅವಳ ಸ್ನಾಯುಗಳನ್ನು ಮರಳಿ ಕರಗಿಸುತ್ತೇನೆ. ಬಾಗಿದ ಮೂಳೆ ಬಾಗಿದಂತೆಯೇ ಉಳಿಯುತ್ತದೆ, ಹರಿದ ರಜ್ಜುಗಳು ಗಾಯದ ಗಂಟಾಗಿ ಕೂಡಿಕೊಳ್ಳುತ್ತವೆ, ಹಳೆಯ ಕಾಯಿಲೆ ತಾನು ಬಿಟ್ಟ ಜಾಗಕ್ಕೆ ಬಂದು ನಿಲ್ಲುತ್ತದೆ. ಆಗ ಹೊಸ ಪ್ರಯೋಗವೊಂದರ ಸಮ್ಮತಿ ಪತ್ರ ಅವಳ ಮುಂದೆ ಬಂದರೆ ಅವಳು ಏನು ಮಾಡುತ್ತಾಳೆ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರಬೇಕು, ಅದನ್ನು ಕಥೆಯಲ್ಲಿ ಬರೆಯದಿದ್ದರೂ ಸರಿ.

ಕರಡು ಸಿದ್ಧವಾದ ಮೇಲೆ ಅದನ್ನು ಇಬ್ಬರಿಗೆ ಓದಲು ಕೊಡಿ. ಒಬ್ಬರು ವೈದ್ಯಕೀಯ ತಿಳಿದವರಾಗಿರಲಿ. ಡೋಸ್, ಕಾಲ, ಪರೀಕ್ಷೆಗಳ ಲೆಕ್ಕ ಎಲ್ಲಿ ತಪ್ಪಿದೆಯೆಂದು ಅವರು ಹೇಳುತ್ತಾರೆ, ಜೊತೆಗೆ ನೀವು ಹೆಮ್ಮೆಯಿಂದ ತುರುಕಿರುವ ಪಾರಿಭಾಷಿಕ ಪದಗಳಲ್ಲಿ ಯಾವುದು ಆಸ್ಪತ್ರೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲವೆಂದೂ ಹೇಳುತ್ತಾರೆ. ಇನ್ನೊಬ್ಬರು ದೀರ್ಘಕಾಲದ ಕಾಯಿಲೆಯೊಂದಿಗೆ ಬದುಕುತ್ತಿರುವವರಾಗಿರಲಿ. ಅವರನ್ನು ಕಥೆ ಭಯಂಕರವಾಗಿದೆಯೇ ಎಂದು ಕೇಳುವ ಅಗತ್ಯವಿಲ್ಲ. ಸಹಿ ಹಾಕುವ ಮೊದಲ ದೃಶ್ಯದಲ್ಲಿ ತಾವಾಗಿದ್ದರೂ ಸಹಿ ಹಾಕುತ್ತಿದ್ದೆವೇ ಎಂದು ಕೇಳಿ. ಇಲ್ಲವೆಂದರೆ ಆ ಭಾಗವನ್ನು ಮತ್ತೆ ಬರೆ­ಯಿರಿ.